ಎಡೆ ಇಟ್ಟ ಜಾಗ

ನಮ್ಮ ಊರಿನ ಮಗ್ಗುಲಿಗೆ ಗಾರ್ಮೆಂಟ್ಸ್ ಕಾರ್ಖಾನೆ ಬರುತ್ತದೆ ಎಂದಾಗ ಜಮೀನು ಕೊಡಲು ಎಲ್ಲರಿಗಿಂತ ಮೊದಲು ಒಪ್ಪಿದವರು ನಮ್ಮ ಮಂಗಳಗೌರಿ ಅತ್ತಿಗೆ. ಈಗ ಈ ಮಾತು ಹೇಳಿದರೆ ಊರಿಗೆ ಹೊಸದಾಗಿ ಬಂದವರು ನಂಬುವುದಿಲ್ಲ. ಸಂಜೆ ಕಾರ್ಖಾನೆಯ ಸೈರನ್ ಕೂಗುತ್ತಿದ್ದಂತೆ ಜಗಲಿಯಿಂದೆದ್ದು ಒಳಗೆ ಹೋಗಿ ಕದ ಮುಂದಕ್ಕೆ ಹಾಕಿಕೊಳ್ಳುವ ಹೆಂಗಸು ಒಂದು ಕಾಲದಲ್ಲಿ ಮನೆಮನೆಗೆ ಹೋಗಿ ‘ಕೊಡ್ರೀ, ಹುಡುಗ್ರು ಬದುಕ್ಕೊಳ್ಳಲಿ’ ಎಂದು ಹೇಳಿ ಬಂದಿದ್ದರು ಎಂದರೆ ಯಾರು ತಾನೇ ನಂಬುತ್ತಾರೆ? ನಾನು ಕಣ್ಣಾರೆ ಕಂಡವನು. ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹೆಸರು ಶಿವಶಂಕರ್. ಕಂಪಲಾಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಊರು ಅಲ್ಲಿಂದ ಒಂದು ಕೂಗಳತೆ. ಅತ್ತಿಗೆಯ ಗಂಡ ಚನ್ನಬಸವಣ್ಣ ನನ್ನ ದೊಡ್ಡಪ್ಪನ ಮಗ. ನನಗೆ ಸ್ವಂತ ಅಣ್ಣ ಇಲ್ಲದ ಕೊರತೆಯನ್ನು ಅವನು ತುಂಬಿದ. ಅತ್ತಿಗೆ ನನ್ನ ತಾಯಿಯ ಕೊರತೆಯನ್ನೂ ತುಂಬಿದರು. ರಾವಂದೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲೇ ಇಡೀ ಕೇರಿಯನ್ನು ಕೈಗೆ ತೆಗೆದುಕೊಂಡ ಹೆಂಗಸು ಅವರು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಸೊಪ್ಪು ಮಾರುವವಳ ಜೊತೆ ಅರ್ಧ ಗಂಟೆ ಜಗಳ ಆಡಿ, ಆಮೇಲೆ ಅವಳನ್ನೇ ಕೂರಿಸಿ ರೊಟ್ಟಿ ಕೊಟ್ಟು ಕಳಿಸುತ್ತಿದ್ದರು. ನನಗೆ ಹೆಣ್ಣು ನೋಡುವ ಕಾಲದಲ್ಲಿ, ಇವನಿಗೆ ಕೊಡುವ ಬದಲು ಹುಡುಗಿಯನ್ನು ಬಾವಿಗೆ ತಳ್ಳಿ ಎಂದು ಬೀಗರ ಎದುರೇ ತಮಾಷೆ ಮಾಡಿ, ಸಂಬಂಧ ಗಟ್ಟಿ ಮಾಡಿಸಿದವರೂ ಅವರೇ.

ಅವರ ಮೊದಲ ಮಗು ಪುಷ್ಪಾ. ಆಮೇಲೆ ಗಂಡು ಮಗು ನಂಜುಂಡೇಶ್. ಪುಷ್ಪಾ ಒಂದು ಕಡೆ ನಿಂತ ಮಗುವಲ್ಲ. ಕಾಲ್ಗೆಜ್ಜೆ ಸದ್ದು ಮಾಡಿಕೊಂಡು ಊರೆಲ್ಲ ಸುತ್ತಿ, ಒಂದು ಗೆಜ್ಜೆಯ ಕೊಂಡಿಯನ್ನು ಎಲ್ಲೋ ಬೀಳಿಸಿಕೊಂಡು ಬಂದಿದ್ದಳು. ಪಿರಿಯಾಪಟ್ಟಣದ ಅಕ್ಕಸಾಲಿಗರ ಹತ್ತಿರ ಹೋಗುವ ತನಕ ತಡೆಯಲಾರದೆ ನನ್ನ ಮುಂದೆ ಕಾಲು ಚಾಚಿ ಕೂತಳು. ಆಗ ನಾನು ಪಂಪ್‌ಸೆಟ್ ರಿಪೇರಿ ಕಲಿಯುತ್ತಿದ್ದ ಹುಡುಗ. ಮೋಟಾರಿನ ತಾಮ್ರದ ತಂತಿ ಸುತ್ತಿ ಕೊಂಡಿ ಮಾಡಿಕೊಟ್ಟೆ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಅಕ್ಕಸಾಲಿಗರ ಅಂಗಡಿಗೆ ಹೋಗುವುದೇ ಬೇಡ ಎಂದುಬಿಟ್ಟಳು.

ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂತು. ಹುಣಸೂರಿಗೆ ಕರೆದುಕೊಂಡು ಹೋದರು, ಅಲ್ಲಿಂದ ಮೈಸೂರಿಗೆ. ಮೆದುಳಿಗೆ ಏರಿದ ಜ್ವರ ಎಂದರು. ಹೋದ ಮಗು ಜೀಪಿನಲ್ಲಿ ಅತ್ತಿಗೆಯ ಮಡಿಲಲ್ಲೇ ವಾಪಸು ಬಂತು. ಏಳು ತುಂಬಿರಲಿಲ್ಲ.

ನಮ್ಮಲ್ಲಿ ಹೂಳುವುದು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಗುಣಿಗೆ ಇಳಿಸಿ, ಹುಟ್ಟಿದಾಗ ಜಂಗಮರು ಕಟ್ಟಿದ ಲಿಂಗವನ್ನು ಅಂಗೈಯಲ್ಲಿಟ್ಟು, ಬಿಲ್ವಪತ್ರೆಯಿಂದ ಮುಚ್ಚುತ್ತೇವೆ. ರಸ್ತೆ ಪಕ್ಕದ ಹೊಲದ ನಡುವೆ ಜಾಗ ಮಾಡಿದರು. ಚಿನ್ನ ಬೆಳ್ಳಿ ಬಿಚ್ಚಬೇಕು ಎಂದರು ಹಿರಿಯರು. ಅತ್ತಿಗೆ ಕಾಲಿಗೆ ಮಾತ್ರ ಕೈ ಹಾಕಲು ಬಿಡಲಿಲ್ಲ. ಗೆಜ್ಜೆ ಇಲ್ಲದಿದ್ದರೆ ಅವಳು ಎಲ್ಲಿ ಹೋದಳೆಂದು ನನಗೆ ಗೊತ್ತಾಗುವುದು ಹೇಗೆ ಎಂದು ಕೇಳಿದರು. ಗೆಜ್ಜೆ ಸಮೇತ ಹಾಗೇ ಇಳಿಸಿದರು.

ದೊಡ್ಡವರು ಸತ್ತರೆ ನಮ್ಮ ಮನೆತನದಲ್ಲಿ ಸಮಾಧಿಯ ಮೇಲೆ ಗದ್ದುಗೆ ಕಟ್ಟುತ್ತಾರೆ. ಮಕ್ಕಳಿಗೆ ಕಟ್ಟುವುದಿಲ್ಲ. ಕಟ್ಟಿದರೆ ಮಗು ಅಲ್ಲೇ ಕೂತುಬಿಡುತ್ತದೆ, ಮತ್ತೆ ಮಡಿಲಿಗೆ ಬರುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ಗುರುತಿಗೆ ಒಂದು ಕಾಡುಗಲ್ಲು ನೆಡುತ್ತಾರೆ, ಅಷ್ಟೇ. ಹೆಸರಿಲ್ಲ, ಕೆತ್ತನೆಯಿಲ್ಲ. ಕಂಡವರು ದನ ಕಟ್ಟುವ ಕಲ್ಲು ಅಂದುಕೊಳ್ಳಬೇಕು, ಅಂಥದ್ದು. ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಅತ್ತಿಗೆ ಆ ಕಲ್ಲಿನ ಮುಂದೆ ಗುಡಿಸಿ, ನೀರು ಚಿಮುಕಿಸಿ, ಬಾಳೆಲೆ ಹಾಸಿ ಎಡೆ ಇಡುತ್ತಿದ್ದರು. ಪುಷ್ಪಾಗೆ ಕಜ್ಜಾಯ ಎಂದರೆ ಪ್ರಾಣ. ಹಬ್ಬ ಇಲ್ಲದ ದಿನಗಳಲ್ಲೂ ಹೊಲಕ್ಕೆ ಹೋದಾಗ ಮಡಿಲಲ್ಲಿ ಏನಾದರೂ ಕಟ್ಟಿಕೊಂಡು ಹೋಗಿ ಅಲ್ಲಿಟ್ಟು, ಒಂದಷ್ಟು ಹೊತ್ತು ಮಾತಾಡಿ ಬರುತ್ತಿದ್ದರು. ಮಗುವಿನ ಹತ್ತಿರ ಮಾತಾಡುವಾಗ ಅವರು ಅತ್ತದ್ದು ನಾನು ಕಂಡಿಲ್ಲ. ಮನೆಯ ಸುದ್ದಿ, ದನದ ಸುದ್ದಿ, ತಮ್ಮ ಎಷ್ಟನೇ ಕ್ಲಾಸು ಎಂಬ ಸುದ್ದಿ ಎಲ್ಲವನ್ನೂ ಹೇಳಿ, ಸೀರೆ ಕೊಡವಿಕೊಂಡು ಎದ್ದು ಬರುತ್ತಿದ್ದರು.

ಕೆಲವು ವರ್ಷ ಕಳೆದ ಮೇಲೆ ಆ ಹೊಲವನ್ನು ಶುಂಠಿ ಬೆಳೆಯಲು ವಯನಾಡಿನ ಕಡೆಯವರೊಬ್ಬರಿಗೆ ಗುತ್ತಿಗೆಗೆ ಕೊಟ್ಟರು. ನಮ್ಮ ಕಡೆ ಆಗ ಎಲ್ಲರೂ ಕೊಡುತ್ತಿದ್ದರು. ಅವರು ಜೆಸಿಬಿ ತಂದು ಬದು ಒಡೆದು ಹೊಲ ಮಟ್ಟ ಮಾಡಿಸಿದರು. ಅತ್ತಿಗೆ ಆಗ ತಂಗಿಯ ಬಾಣಂತನಕ್ಕೆಂದು ರಾವಂದೂರಿನಲ್ಲಿದ್ದರು. ವಾಪಸು ಬಂದು ನೋಡಿದರೆ ಹೊಲದ ರೂಪವೇ ಬದಲಾಗಿದೆ. ಕಲ್ಲು ಮೂಲೆಯಲ್ಲಿ ಹೊಂಗೆ ಮರದ ಬುಡದಲ್ಲಿದೆ. ಹೊಲದ ನಡುವೆ ಇದ್ದದ್ದು ಮೂಲೆಗೆ ಹೇಗೆ ಬಂತು ಎಂದು ಕೇಳಿದರು. ಕಲ್ಲು ಅಲ್ಲೇ ಇದೆ, ಬದು ಒಳಕ್ಕೆ ಬಂದಿದೆ, ಆಚೆ ಕಡೆ ಒಂದಷ್ಟು ರಸ್ತೆಗೆ ಹೋಗಿದೆ, ಅದಕ್ಕೇ ಹಾಗೆ ಕಾಣುತ್ತದೆ ಎಂದ ಚನ್ನಬಸವಣ್ಣ. ಅಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಹೊಗೆಸೊಪ್ಪಿನ ಹರಾಜಿನಲ್ಲಿ ತನ್ನ ಸೊಪ್ಪಿನ ಮೂಟೆಯಲ್ಲಿ ಕೆಟ್ಟ ಎಲೆ ಇದೆ ಎಂದು ತಾನೇ ಹೇಳಿ ಬೈಸಿಕೊಂಡು ಬಂದವನು. ಅತ್ತಿಗೆ ನಂಬಿದರು. ಮಗುವಿಗೆ ನೆರಳಾಯಿತಲ್ಲ ಎಂದು ಸಂತೋಷವನ್ನೂ ಪಟ್ಟರು.

ಈ ನಡುವೆ ಊರು ಪೇಟೆಯಾಗುತ್ತ ಹೋಯಿತು. ಹೆದ್ದಾರಿ ಅಗಲವಾಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿದ್ದ ಕಡೆ ಪೆಟ್ರೋಲ್ ಬಂಕು ಬಂತು, ಬೇಕರಿ ಬಂತು, ಮೊಬೈಲ್ ಅಂಗಡಿ ಬಂತು, ಲೇಔಟಿನ ಬಣ್ಣದ ಕಲ್ಲುಗಳು ಹೊಲದುದ್ದಕ್ಕೂ ಎದ್ದವು. ಇಷ್ಟೆಲ್ಲ ಬಂದರೂ ನಮ್ಮ ಹುಡುಗರಿಗೆ ಹೆಣ್ಣು ಮಾತ್ರ ಬರಲಿಲ್ಲ. ನಂಜುಂಡೇಶನಿಗೆ ಮೂವತ್ತು ದಾಟಿತು. ಹೆಣ್ಣಿನ ಮನೆಯವರು ಕಾಫಿ ಕುಡಿದು, ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳುತ್ತಿದ್ದರು. ಬೇಸಾಯ ಎಂದರೆ ಲೋಟ ಕೆಳಗಿಟ್ಟು, ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಜಮೀನಿದೆ, ಬೋರಿದೆ, ಹುಡುಗ ಬೀಡಿ ಕೂಡ ಸೇದುವವನಲ್ಲ. ಇದೆಲ್ಲ ಯಾರಿಗೂ ಬೇಡ. ಒಂದು ಐಡಿ ಕಾರ್ಡು ಕುತ್ತಿಗೆಯಲ್ಲಿ ನೇತಾಡಬೇಕು, ಅಷ್ಟೇ. ನನಗೆ ಈಗಲೂ ಆ ಬೀಗರ ಮೇಲೆ ಸಿಟ್ಟು ಇಳಿದಿಲ್ಲ.

ಆಗ ಕಾರ್ಖಾನೆಯ ಮಾತು ಬಂತು. ಸಭೆಯಲ್ಲಿ ವೇದಿಕೆ ಮೇಲಿದ್ದವರು, ತಾಲ್ಲೂಕಿನ ಮುಖವೇ ಬದಲಾಗುತ್ತದೆ ಎಂದರು. ಮುಖ ಬದಲಾಗುವ ಮಾತು ಕೇಳಿ ನಾನು ನಕ್ಕೆ. ಅತ್ತಿಗೆ ನಗಲಿಲ್ಲ. ಜಮೀನು ಕೊಟ್ಟ ಮನೆಗೆ ಒಂದು ಕೆಲಸ ಖಾಯಂ, ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಕೆಲಸ ಎಂಬ ಮಾತನ್ನು ಹಿಡಿದುಕೊಂಡು ಎದ್ದರು. ಅಣ್ಣ ಹಿಂದೆ ಮುಂದೆ ನೋಡಿದ. ಎಂದೂ ಇಲ್ಲದವನು, ಆ ಹೊಲ ಬೇಡ, ಬೇರೆ ಹೊಲ ಕೊಡೋಣ ಎಂದ. ಕಂಪನಿಗೆ ಬೇಕಾಗಿದ್ದದ್ದು ರಸ್ತೆ ಪಕ್ಕದ ಹೊಲ. ಪುಷ್ಪಾಳ ಜಾಗಕ್ಕಾಗಿ ಹಿಂಜರಿಯುತ್ತಿದ್ದಾನೆ ಎಂದು ಅತ್ತಿಗೆ ತಿಳಿದರು. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಧೈರ್ಯ ಹೇಳಿ, ಕಂಪನಿಯವರ ಎದುರು ತಾವೇ ಹೋಗಿ ಕೂತರು.

ಅವತ್ತು ನಾನೂ ಜೊತೆಗಿದ್ದೆ. ಮೈಸೂರಿನಿಂದ ಬಂದ ಮ್ಯಾನೇಜರ್ ಒಳ್ಳೆಯ ಮನುಷ್ಯ. ನಿಮ್ಮ ಬೇಡಿಕೆ ಏನಮ್ಮ ಎಂದು ಕೇಳಿದ.

“ಹೊಂಗೆ ಮರದ ಮೂಲೆ ನಿಮ್ದಲ್ಲ ಸ್ವಾಮಿ, ನನ್ ಮಗಳ್ದು. ಅದುನ್ ಬುಟ್ಟು ಉಳಿದದ್ದು ತಗಳಿ” ಎಂದರು ಅತ್ತಿಗೆ.

ಆತ ಎದ್ದು ಬಂದು ಜಾಗ ನೋಡಿದ. ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದ. ಕಾಂಪೌಂಡ್ ಗೋಡೆ ಅಲ್ಲಿ ಬಾಗಿ, ಮರವನ್ನೂ ಕಲ್ಲನ್ನೂ ಹೊರಗೆ ಬಿಟ್ಟು ಹೋಗುವ ಹಾಗೆ ನಕ್ಷೆ ತಿದ್ದಿಸಿದ. ಗೋಡೆ ಎದ್ದ ದಿನ ಅತ್ತಿಗೆ ಊರಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಆ ತಿರುವು ತೋರಿಸಿದರು. ಇಷ್ಟು ದೊಡ್ಡ ಕಂಪನಿ ನನ್ನ ಮಗಳಿಗೆ ದಾರಿ ಬಿಟ್ಟಿತು ನೋಡಿ ಎಂದು ಹೆಮ್ಮೆಯಿಂದ ಹೇಳಿದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಕಾರ್ಖಾನೆಯ ಕಟ್ಟಡದ ಮೇಸ್ತ್ರಿ ಕೆಂಪಯ್ಯ ಬಂದ. ಕೆ.ಆರ್. ನಗರದ ಕಡೆಯವನು, ನನ್ನಲ್ಲಿ ಆಗಾಗ ಪೈಪು, ಹಗ್ಗ ಕೊಳ್ಳುತ್ತಿದ್ದ. ಸಿಮೆಂಟ್ ಚೀಲದ ಕಾಗದದಲ್ಲಿ ಏನನ್ನೋ ಸುತ್ತಿಕೊಂಡು ಬಂದಿದ್ದ. ನೀವು ಲಿಂಗ ಕಟ್ಟಿದವರು, ಅದಕ್ಕೇ ನಿಮ್ಮ ಹತ್ತಿರ ತಂದೆ, ಕಂಬದ ಪಾಯದ ಮಣ್ಣಿನಲ್ಲಿ ಸಿಕ್ಕಿತು ಎಂದು ಮೇಜಿನ ಮೇಲಿಟ್ಟ. ಬಿಚ್ಚಿದೆ. ಒಂದು ಪುಟ್ಟ ಲಿಂಗ, ಹಸಿರು ಗಾಜಿನ ಬಳೆಯ ಎರಡು ಚೂರು, ಕಪ್ಪಾಗಿದ್ದ ಒಂದು ಮಕ್ಕಳ ಕಾಲ್ಗೆಜ್ಜೆ. ಗೆಜ್ಜೆಯ ಕೊಂಡಿಯ ಜಾಗದಲ್ಲಿ ತಾಮ್ರದ ತಂತಿ.

ನನ್ನ ಕೈಯ ಸುತ್ತನ್ನು ನಾನು ಗುರುತು ಹಿಡಿಯದೇ ಇರುತ್ತೇನೆಯೇ? ಯಾವ ಕಂಬ ಎಂದು ಕೇಳಿದೆ. ಹೊಲದ ನಟ್ಟನಡುವಿನದು, ಹೊಲಿಗೆ ಹಾಲ್‌ನ ಮೂರನೇ ಸಾಲು ಎಂದ. ಮಣ್ಣು ಎಲ್ಲಿ ಎಂದೆ. ರಸ್ತೆಯ ತಗ್ಗು ತುಂಬಲು ಲಾರಿಯಲ್ಲಿ ಹೋಯಿತು, ಇಷ್ಟು ಮಾತ್ರ ಆಳಿನ ಗುದ್ದಲಿಗೆ ತಗಲಿ ಉಳಿಯಿತು, ಬೆಳಗ್ಗೆ ಗುಣಿಗೆ ಕಾಂಕ್ರೀಟ್ ಹಾಕಿ ಆಯಿತು ಎಂದ. ಪಾಪದವನು, ಹೇಳುತ್ತ ಹೇಳುತ್ತ ಅವನಿಗೇ ಗೊತ್ತಾಗಿ ದನಿ ಇಳಿಯಿತು.

ನಾನು ಅಂಗಡಿ ಬಾಗಿಲು ಎಳೆದು ನೇರ ಅಣ್ಣನ ಹತ್ತಿರ ಹೋದೆ. ಅವನು ಹಿತ್ತಲಲ್ಲಿ ಅವರೆ ಬಳ್ಳಿಗೆ ಕಂಬ ಬಿಗಿಯುತ್ತಿದ್ದ. ಪೊಟ್ಟಣ ಬಿಚ್ಚಿ ತೋರಿಸಿದೆ. ಹಗ್ಗ ಕೆಳಗಿಟ್ಟು ಕೂತ.

“ಕಲ್ ಹೊಂಗೆ ಮರದ್ ತಾವ ಇರ್ನಿಲ್ಲ ಕಣ್ಲಾ ಶಿವು. ನಾನೇ ತಂದು ನೆಟ್ಟಿದ್ದು.”

ಜೆಸಿಬಿ ಬಂದ ದಿನ ಅವನು ಸೊಪ್ಪಿನ ಹರಾಜಿಗೆ ಹೋಗಿದ್ದನಂತೆ. ಡ್ರೈವರನಿಗೆ ಅದು ಬರಿ ಕಲ್ಲು. ಬೇರೆ ಕಲ್ಲುಗಳ ಜೊತೆ ತಳ್ಳಿ ಹೊಲದ ಅಂಚಿಗೆ ಹಾಕಿದ್ದಾನೆ. ಸಂಜೆ ಅಣ್ಣ ಹೋಗಿ ನೋಡಿದರೆ ಅಳತೆಗೆ ಒಂದು ಬದುವಿಲ್ಲ, ಒಂದು ಗಿಡವಿಲ್ಲ, ಹೊಲವೆಲ್ಲ ಒಂದೇ ಸಮ. ಎಲ್ಲಿ ಎಂದು ನೆಡುವುದು? ನೇಗಿಲಿಗೆ ಸಿಗದಿರಲಿ ಎಂದು ಹೊಂಗೆ ಮರದ ಬುಡದಲ್ಲಿ ನೆಟ್ಟ. ಹೆಂಡತಿ ತವರಿನಿಂದ ಬಂದ ಮೇಲೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡ. ಅವರು ಬಂದು ಕೇಳಿದಾಗ ಬಾಯಿಗೆ ಬೇರೆಯೇ ಮಾತು ಬಂತು. ಒಂದು ಸಲ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಇದನ್ನು ಅತ್ತಿಗೆಗೆ ಹೇಳದೆ ಉಪಾಯವಿರಲಿಲ್ಲ. ಪೊಟ್ಟಣ ನಾನು ಕೊಟ್ಟೆ, ಮಾತು ಅಣ್ಣ ಹೇಳಿದ. ಅವರು ಒಲೆ ಮುಂದಿನಿಂದ ಎದ್ದು ಬಂದವರು ಕೈಯಲ್ಲಿ ಗೆಜ್ಜೆ ಹಿಡಿದುಕೊಂಡು ಪೂರ್ತಿ ಕೇಳಿದರು. ಕೂಗಾಡುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅಷ್ಟು ಜೋರು ಬಾಯಿಯ ಹೆಂಗಸು ಪಿಸುದನಿಯಲ್ಲಿ ಕೇಳಿದರು:

“ಇಷ್ಟ್ ವರ್ಸ ನಾನು ಯಾರ್ ಮುಂದೆ ಎಡೆ ಮಡಗ್ದೆ? ಬಾಯ್ಬುಟ್ಟು ಏಳಿ.”

ಅಣ್ಣ ತಲೆ ಎತ್ತಲಿಲ್ಲ. “ಒಂದಿನದ ಮಟ್ಟಿಗೆ ಅಂತ ಸುಳ್ಳೇಳ್ದೆ ಕಣೆ. ಆಮ್ಯಾಕೆ ನೀನು ಅಲ್ಲಿ ಗುಡ್ಸಿ ನೀರಾಕದ್ ನೋಡಿ ಬಾಯೇ ಬರ್ನಿಲ್ಲ. ಮಿಷನ್ ಆಡಿದ್ ಮ್ಯಾಲೆ ಅಲ್ಲೇನೂ ಉಳ್ದಿರಕಿಲ್ಲ ಅನ್ಕಂಡಿದ್ದೆ.”

“ಕಂಪ್ನಿಯೋರು ಬಂದಾಗ್ಲಾದ್ರೂ ಏಳ್ಬೋದಿತ್ತಲ್ಲ. ನಡೂ ಹೊಲ ಬುಡಿ ಅಂತ ನಾನು ಕಾಲ್ ಹಿಡೀತಿದ್ದೆ.”

ಆ ದಿನದಿಂದ ಅತ್ತಿಗೆ ಅಣ್ಣನ ಜೊತೆ ಮಾತಾಡಿಲ್ಲ. ಊಟಕ್ಕೆ ಬಡಿಸುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಾತಿಲ್ಲ. ನಾನು ನಡುವೆ ನಿಂತು ಎಷ್ಟೋ ಸಲ ಹೇಳಿದೆ. ಅಣ್ಣ ಕೇಡಿಗನಲ್ಲ, ಅವನೂ ತಂದೆಯೇ ಅಲ್ಲವೇ ಎಂದೆ. ನನಗೂ ಗೊತ್ತು ಎಂದರು. ಗೊತ್ತಿದ್ದರೂ ಮಾತು ಬರಲಿಲ್ಲ, ಏನು ಮಾಡುವುದು.

ಕೆಂಪಯ್ಯ ಅತ್ತಿಗೆಯನ್ನು ಒಳಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದ. ಇನ್ನೂ ಹಸಿ ಕಾಂಕ್ರೀಟು, ಮೇಲೆ ಒದ್ದೆ ಗೋಣಿಚೀಲ ಸುತ್ತಿದ್ದರು. ಅತ್ತಿಗೆ ಅದರ ಮೇಲೆ ಕೈಯಿಟ್ಟು ನಿಂತರು. ಮಠದ ಸ್ವಾಮಿಗಳು, ಲಿಂಗವನ್ನು ಹರಿಯುವ ನೀರಿಗೆ ಬಿಡಬೇಕು ಎಂದು ಹೇಳಿದ್ದರು. ಹುಣಸೂರಿಗೆ ಹೋಗಿ ಲಕ್ಷ್ಮಣತೀರ್ಥಕ್ಕೆ ಬಿಟ್ಟು ಬಂದೆವು. ಗೆಜ್ಜೆಯನ್ನೂ ಬಿಡಿ ಎಂದರೆ ಅತ್ತಿಗೆ ಕೊಡಲಿಲ್ಲ.

ಕಾರ್ಖಾನೆ ಶುರುವಾಯಿತು. ಹೇಳಿದ ಮಾತಿಗೆ ಕಂಪನಿಯವರು ತಪ್ಪಲಿಲ್ಲ. ನಂಜುಂಡೇಶನಿಗೆ ಸ್ಟೋರಿನಲ್ಲಿ ಕೆಲಸವಾಯಿತು, ಕುತ್ತಿಗೆಗೆ ಐಡಿ ಕಾರ್ಡು ಬಂತು, ಮೂರು ತಿಂಗಳಿಗೆ ಹೆಣ್ಣೂ ಬಂತು. ಎಚ್.ಡಿ. ಕೋಟೆ ಕಡೆಯ ಅನುಶ್ರೀ. ಮೆತ್ತಗಿನ ಹುಡುಗಿ, ಆದರೆ ಚುರುಕು. ಮದುವೆಯಾದ ಮೇಲೆ ಅವಳೂ ಹೊಲಿಗೆಗೆ ಸೇರಿದಳು. ಬೆಳಗ್ಗೆ ನಮ್ಮ ಊರಿನ ಹೆಣ್ಣುಮಕ್ಕಳು ಬುತ್ತಿ ಹಿಡಿದು ಸಾಲಾಗಿ ಹೋಗುವುದನ್ನು ನೋಡಿದರೆ ಈ ಅಭಿವೃದ್ಧಿಯನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ. ನಮ್ಮ ಕೇರಿಯ ಪುಟ್ಟತಾಯಮ್ಮನ ಮಗಳು, ಕುಡುಕ ಗಂಡನ ಹೊಡೆತ ತಿನ್ನುತ್ತಿದ್ದವಳು, ಈಗ ತನ್ನ ಕಾಲ ಮೇಲೆ ನಿಂತಿದ್ದಾಳೆ. ಅದೆಲ್ಲ ನಿಜ. ಅತ್ತಿಗೆ ಬಯಸಿದ್ದು ಅದನ್ನೇ.

ಹೊಸದಾಗಿ ಮನೆ ತುಂಬಿದ ಹುಡುಗಿಗೆ ಇಂಥ ಮಾತು ಬೇಡ ಎಂದು ಅನುಶ್ರೀಗೆ ಯಾರೂ ಏನೂ ಹೇಳಲಿಲ್ಲ. ಅಷ್ಟರಲ್ಲಿ ಅತ್ತಿಗೆ, ತಾನೂ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತೇನೆ ಎಂದರು. ಕಸ ಗುಡಿಸುವ ಕೆಲಸ. ಜಮೀನು ಕೊಟ್ಟ ಮನೆಯ ಯಜಮಾನಿ ಪೊರಕೆ ಹಿಡಿಯುವುದೇ ಎಂದು ಊರು ಆಡಿಕೊಂಡಿತು. ನಾನೂ ಬೇಡವೆಂದು ಜಗಳವಾಡಿದೆ. ಯಾರ ಮಾತೂ ಕೇಳಲಿಲ್ಲ. ನಾನು ಗುಡಿಸುವುದು ಹೊಸದೇನಲ್ಲ, ಹಿಂದೆ ಬೇರೆ ಕಡೆ ಗುಡಿಸುತ್ತಿದ್ದೆ ಎಂದರು.

ಹೊಲಿಗೆ ಹಾಲ್‌ನಲ್ಲಿ ಬರಿಗಾಲಲ್ಲಿ ಓಡಾಡುವ ಹಾಗಿಲ್ಲ. ಮುರಿದ ಸೂಜಿಯ ಚೂರುಗಳು ನೆಲದ ಮೇಲೆ ಬಿದ್ದಿರುತ್ತವೆ. ಎಲ್ಲರಿಗೂ ಶೂ ಕೊಟ್ಟಿದ್ದರು. ಅತ್ತಿಗೆ ಹಾಲ್‌ನ ಬಾಗಿಲಿನ ತನಕ ಶೂ ಹಾಕಿಕೊಂಡು ಹೋಗಿ, ಅಲ್ಲಿ ಬಿಚ್ಚಿಟ್ಟು ಒಳಗೆ ಕಾಲಿಡುತ್ತಿದ್ದರು. ಸೂಪರ್‌ವೈಸರ್ ಹುಡುಗಿ ಒಂದೆರಡು ಸಲ ತಿಳಿಸಿ ಹೇಳಿದಳು, ಆಮೇಲೆ ಗದರಿದಳು. ಅತ್ತಿಗೆ ಹೂಂ ಎನ್ನುವರು, ಮರುದಿನ ಮತ್ತೆ ಬರಿಗಾಲು. ಕಾರಣ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿಯೂ ಕೈಮುಗಿಯುತ್ತಿದ್ದಳೋ ಏನೋ. ಕೊನೆಗೆ ಒಂದು ಸೂಜಿ ಚೂರು ಹಿಮ್ಮಡಿಗೆ ನೆಟ್ಟಿತು. ಅದನ್ನೂ ಬಚ್ಚಿಟ್ಟುಕೊಂಡು ಗುಡಿಸಿದರು. ಕೀವಾಗಿ ಕಾಲು ಕುಂಬಳಕಾಯಿಯಾಯಿತು. ಆಸ್ಪತ್ರೆಗೆ ಸೇರಿಸಿ ಸೂಜಿ ತೆಗೆಸಬೇಕಾಯಿತು. ಆಮೇಲೆ ಕಂಪನಿಯವರು ಗೌರವದಿಂದಲೇ, ಅಮ್ಮ ನೀವು ಮನೆಯಲ್ಲಿರಿ ಎಂದುಬಿಟ್ಟರು.

ಆಸ್ಪತ್ರೆಯಲ್ಲಿ ರಾತ್ರಿ ಹಗಲು ಜೊತೆಗಿದ್ದವಳು ಅನುಶ್ರೀ. ಯಾಕೆ ಹೀಗೆ ಮಾಡಿದಿರಿ ಅತ್ತೆ ಎಂದು ಕೇಳಿದಳಂತೆ. ಅವಳಿಗೆ ಅತ್ತಿಗೆ ಎಲ್ಲವನ್ನೂ ಹೇಳಿದರು. ಮೂರನೇ ಸಾಲಿನ ಕಂಬ ಎಂದಾಗ ಹುಡುಗಿ ಬೆಚ್ಚಿಬಿದ್ದಳು. ಅವಳ ಮಿಷನ್ ಇದ್ದದ್ದು ಅದರ ಪಕ್ಕದಲ್ಲೇ. ಮರುದಿನದಿಂದ ಕೆಲಸಕ್ಕೆ ಹೋಗುವುದಿಲ್ಲ ಎಂದು ಅತ್ತಳು. ಅತ್ತಿಗೆ ಮನೆಗೆ ಬಂದ ಮೇಲೆ ಅವಳ ಶೂ ತಂದು ಹೊಸ್ತಿಲ ಹತ್ತಿರ ಇಟ್ಟು, ಹಾಕಿಕೊಂಡು ಹೋಗು ಎಂದರು. ಅಲ್ಲಿ ನಮ್ಮವರು ಒಬ್ಬರಾದರೂ ಇರಲಿ, ಇಲ್ಲದಿದ್ದರೆ ಪುಷ್ಪಾ ಒಬ್ಬಳೇ ಆಗುತ್ತಾಳೆ ಎಂದರು.

ಆಮೇಲಿನಿಂದ ಒಂದು ರೂಢಿಯಾಯಿತು. ಸಂಜೆ ಸೈರನ್ ಕೂಗಿ ಸೊಸೆ ಮನೆಗೆ ಬರುವುದನ್ನೇ ಅತ್ತಿಗೆ ಜಗಲಿಯಲ್ಲಿ ಕಾಯುತ್ತಿದ್ದರು. ಕಾಲು ತೊಳೆಯಲು ನೀರು ಕೊಟ್ಟು, “ಇವತ್ತು ಅವಳತ್ರ ಓಗಿದ್ದಾ?” ಎಂದು ಕೇಳುವರು. ಪಕ್ಕದ ಊರಿಗೆ ಕೊಟ್ಟ ಮಗಳ ಸುದ್ದಿ ಕೇಳುವ ಹಾಗೆ. ಹೋಗಿದ್ದೆ ಅತ್ತೆ ಎನ್ನುವಳು ಅನುಶ್ರೀ. ಇವತ್ತು ಹೂವು ಇಟ್ಟೆ, ಇವತ್ತು ಕಂಬ ಒರೆಸಿದೆ ಎಂದು ಏನಾದರೂ ಸೇರಿಸುವಳು. ಅತ್ತಿಗೆಯ ಮುಖ ಅರಳುತ್ತಿತ್ತು. ನನ್ನ ಜೊತೆ ಮತ್ತೆ ತಮಾಷೆ ಮಾಡುವಷ್ಟು ಗೆಲುವಾದರು. ಜಗಲಿಯ ಇನ್ನೊಂದು ತುದಿಯಲ್ಲಿ ಅಣ್ಣ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನಿಗೂ ಆ ಮಾತೇ ಊಟ, ಆ ಮಾತೇ ನಿದ್ದೆ.

ಹೋದ ವರ್ಷ ಕಾರ್ಖಾನೆ ದೊಡ್ಡದಾಯಿತು. ಹಿಂದೆ ಹೊಸ ಶೆಡ್ಡು ಎದ್ದಿತು, ಇನ್ನಷ್ಟು ಹೆಣ್ಣುಮಕ್ಕಳಿಗೆ ಕೆಲಸವಾಯಿತು, ಹೊಲಿಗೆ ಮಿಷನ್‌ಗಳೆಲ್ಲ ಅಲ್ಲಿಗೆ ಹೋದವು. ಹಳೆಯ ಹೊಲಿಗೆ ಹಾಲ್ ಬಟ್ಟೆಯ ಗೋದಾಮಾಯಿತು. ಕಂಬದ ಸುತ್ತ ಬೇಲುಗಳನ್ನು, ಅಂದರೆ ಬಟ್ಟೆಯ ದೊಡ್ಡ ಮೂಟೆಗಳನ್ನು, ಸೂರಿನ ತನಕ ಪೇರಿಸಿ, ಬೀಗ ಹಾಕಿದರು. ಹೊಲಿಗೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಇದನ್ನು ನನಗೆ ಹೇಳಿದವನು ನಂಜುಂಡೇಶ್. ಸ್ಟೋರಿನವನಾದರೂ ಬೇಲುಗಳನ್ನು ದಾಟಿ ಕಂಬ ಮುಟ್ಟಲು ತನಗೂ ಆಗುವುದಿಲ್ಲ ಎಂದ. ಮನೆಯಲ್ಲಿ ಮಾತ್ರ ಸಂಜೆಯ ಪ್ರಶ್ನೆ ನಿಂತಿರಲಿಲ್ಲ, ಉತ್ತರವೂ ನಿಂತಿರಲಿಲ್ಲ. ಹೋಗಿದ್ದೆ ಅತ್ತೆ, ಸೇವಂತಿಗೆ ಇಟ್ಟೆ ಅತ್ತೆ. ಆ ಹುಡುಗಿಯನ್ನು ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಒಂದು ದಿನ ಅಣ್ಣ ನನ್ನ ಅಂಗಡಿಗೆ ಬಂದ. ಅಂಗಡಿಗೆ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗೊಬ್ಬರದ ಚೀಲದ ಮೇಲೆ ಕೂತು, ಗೋದಾಮಿನ ಸುದ್ದಿ ತನಗೂ ಮಗನಿಂದ ತಿಳಿಯಿತು ಎಂದ. ಆಮೇಲೆ ಹೇಳಿದ:

“ನಮ್ ಸೊಸೆ ಮಗೀಗೆ ಏಳ್ಲಾ ಶಿವು. ನಿಜ ಏಳ್ಬುಡು ಅನ್ನು. ಇವತ್ ಬ್ಯಾಡ, ನಾಳೆ ಏಳನ ಅಂತ ನಾನೂ ಅಂಗೇ ಅನ್ಕಂಡಿದ್ದೆ.”

ನಾನು ಅನುಶ್ರೀಯನ್ನು ಕರೆದು ಹೇಳಿದೆ. ಅವಳು ಬಹಳ ಹೆದರಿದಳು. ಅತ್ತೆ ಮತ್ತೆ ಮೊದಲಿನ ಹಾಗಾಗುತ್ತಾರೆ, ನನ್ನ ಜೊತೆಯೂ ಮಾತು ಬಿಡುತ್ತಾರೆ ಎಂದಳು. ಬಿಡುವುದಿಲ್ಲ ಎಂದು ಧೈರ್ಯ ತುಂಬುವಾಗ ನನಗೇ ಆ ಧೈರ್ಯವಿರಲಿಲ್ಲ. ಅದಕ್ಕೇ ಆ ಸಂಜೆ ನಾನೂ ಅಲ್ಲಿಗೆ ಹೋದೆ.

ಸೈರನ್ ಕೂಗಿತು. ಅನುಶ್ರೀ ಬಂದಳು. ಅತ್ತಿಗೆ ನೀರಿನ ಚೊಂಬು ಕೊಟ್ಟು ಎಂದಿನಂತೆ ಕೇಳಿದರು. ಹುಡುಗಿ ಚೊಂಬು ಹಿಡಿದುಕೊಂಡೇ ನಿಂತಳು.

“ಇಲ್ಲ ಅತ್ತೆ. ನಾನು ಅಲ್ಲಿಗೋಗಿ ಎಲ್ಡು ತಿಂಗ್ಳಾಯ್ತು. ನಮ್ಮನ್ನ ಬೇರೆ ಕಡೆಗಾಕವ್ರೆ. ಅಲ್ಲಿ ಬೀಗ ಆಕವ್ರೆ. ಇಷ್ಟ್ ದಿನ ಸುಳ್ಳೇಳ್ದೆ.” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತಿಗೆ, ಸೇವಂತಿಗೆಯೂ ಸುಳ್ಳೇ ಎಂದು ಕೇಳಿದರು. ಹುಡುಗಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಅವಳ ಕೈಯಿಂದ ಚೊಂಬು ತೆಗೆದುಕೊಂಡು, ಬಗ್ಗಿ ಅವಳ ಕಾಲಿಗೆ ತಾವೇ ನೀರು ಹಾಕಿದರು.

“ಅಳಬ್ಯಾಡ ಕಣವ್ವ. ನೀನಾದ್ರೂ ಬಾಯ್ಬುಟ್ಟು ಏಳ್ದೆ.”

ಆ ಮಾತನ್ನು ಅವರು ಜೋರಾಗಿ ಹೇಳಲಿಲ್ಲ. ಜಗಲಿಯ ತುದಿಗೆ ಕೇಳಿಸಿತು. ಅಣ್ಣ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲ ಕಡೆಗೆ ನಡೆದ. ಅತ್ತಿಗೆ ತಲೆ ಎತ್ತಿ ನೋಡಿದರು. ಕರೆಯುತ್ತಾರೇನೋ ಎಂದು ನಾನು ಕಾದೆ. ಅವರು ಸೊಸೆಯ ಹೆಗಲ ಮೇಲೆ ಕೈಹಾಕಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ಮರುದಿನದಿಂದ ಸೈರನ್ ಕೂಗುತ್ತಿದ್ದಂತೆ ಅತ್ತಿಗೆ ಕದ ಮುಂದಕ್ಕೆ ಹಾಕಿಕೊಳ್ಳತೊಡಗಿದರು. ಆ ಮನೆಯಲ್ಲಿ ಆಮೇಲೆ ಪುಷ್ಪಾಳ ಹೆಸರು ನಾನು ಕೇಳಿಲ್ಲ.